ಪ್ರೇಮಲತಾ ಮೇಡಂ ಹಿಂಪಡೆದ ಪ್ರಬಂಧ

ನಾವು ದಿನವೂ ಉಣ್ಣುವ ಶೇಂಗಾ ಮತ್ತು ಅದರ ಎಣ್ಣೆಯಲ್ಲಿ ಬೂಷ್ಟಿನಿಂದ ಹುಟ್ಟಿಕೊಳ್ಳುವ ವಿಷವನ್ನು ಅಧ್ಯಯನ ಮಾಡುವವರ ಲೋಕದಲ್ಲಿ ದೊಡ್ಡ ನಗರಗಳ ದೊಡ್ಡ ಸಂಸ್ಥೆಗಳ ಹೆಸರೇ ಹೆಚ್ಚು. ಅವುಗಳ ನಡುವೆ ಚಳ್ಳಕೆರೆಯ ಒಂದು ಸಣ್ಣ ಕಾಲೇಜಿನ ಹೆಸರೂ ಇಂದು ಕಾಣಿಸಿಕೊಳ್ಳುತ್ತಿದ್ದರೆ ಅದಕ್ಕೆ ಕಾರಣರಾದವರು ಪ್ರೊ. ಎನ್. ಪ್ರೇಮಲತಾ ಅವರು. ಬಯಲುಸೀಮೆ ವಿದ್ಯಾಸಂಘದ ವಿಜ್ಞಾನ ಕಾಲೇಜಿನಲ್ಲಿ ಮೂವತ್ನಾಲ್ಕು ವರ್ಷ ರಸಾಯನಶಾಸ್ತ್ರ ಕಲಿಸಿ ಈ ವರ್ಷ ನಿವೃತ್ತರಾದ ಅವರ ಕುರಿತು ಬರೆಯುವಾಗ ಪ್ರಶಸ್ತಿಗಳನ್ನೂ ಪ್ರಕಟಣೆಗಳನ್ನೂ ಎಣಿಸುತ್ತ ಹೋಗುವುದು ಸುಲಭದ ಕೆಲಸ. ಆದರೆ ಅದೇ ಪ್ರಯೋಗಾಲಯದಲ್ಲಿ ಅವರ ಪಕ್ಕದ ಮೇಜಿನಲ್ಲಿ ವರ್ಷಗಟ್ಟಲೆ ಕೂತ ನಮಗೆ, ಅವರು ಪ್ರಕಟಿಸಿದ ಎಲ್ಲಕ್ಕಿಂತ ಹಿಂದಕ್ಕೆ ತೆಗೆದುಕೊಂಡ ಒಂದೇ ಒಂದು ಪ್ರಬಂಧದ ಬಗ್ಗೆ ಹೇಳಬೇಕೆನಿಸುತ್ತದೆ. ಆ ದಿನಗಳನ್ನು ಹತ್ತಿರದಿಂದ ಕಂಡವರ ಬೆರಗು ಇಂದಿಗೂ ಇಳಿದಿಲ್ಲ.

ಅವರು ಹುಟ್ಟಿದ್ದು ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿ. ತಂದೆ ನಾಗರಾಜಪ್ಪನವರು ರೇಷ್ಮೆ ಸೀರೆ ನೇಯುವವರು. ತಾಯಿ ಓಬಕ್ಕನವರು ನೂಲಿಗೆ ಬಣ್ಣ ಹಾಕುವುದರಲ್ಲಿ ಇಡೀ ಬೀದಿಗೆ ಹೆಸರಾದವರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ಎರಡೂ ಕಲಸಿದ ಮಾತು. ಬೇರೆಯವರ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಕೆಂಪು ನೂಲುಗಳಲ್ಲಿ ಯಾವುದು ಒಂದು ಎಳೆ ಗಾಢ ಎಂಬುದನ್ನು ಏಳೆಂಟರ ವಯಸ್ಸಿಗೇ ಮಗಳು ಹೇಳಿಬಿಡುತ್ತಿದ್ದುದರಿಂದ, ನೂಲು ಹೊಂದಿಸುವ ದಿನ ಓಬಕ್ಕನವರು ಅವರನ್ನು ಶಾಲೆಗೆ ತಡವಾಗಿ ಕಳಿಸುತ್ತಿದ್ದರಂತೆ. ಆ ಕಣ್ಣೇ ಮುಂದೆ ಅವರ ಅತ್ಯಂತ ನಂಬಿಕೆಯ ಉಪಕರಣವಾಯಿತು.

ಅವರು 1991ರ ಆಗಸ್ಟಿನಲ್ಲಿ ಕಾಲೇಜಿಗೆ ಸೇರಿದಾಗ ಪ್ರಯೋಗಾಲಯದಲ್ಲಿ ಇದ್ದದ್ದು ಎರಡು ನಲ್ಲಿ, ಒಂದು ತಕ್ಕಡಿ, ಕಾಲು ಅಲುಗಾಡುವ ನಾಲ್ಕು ಮೇಜು. ಅವರು ದೂರಲಿಲ್ಲ, ಇದ್ದುದರಲ್ಲಿ ಏನೇನು ಮಾಡಬಹುದೆಂದು ನೋಡುತ್ತ ಹೋದರು. ಅವರ ಆ ಕಾಲದ ಅಂತಃಕರಣಕ್ಕೆ ದೊಡ್ಡಉಳ್ಳಾರ್ತಿಯ ತಿಪ್ಪೇರುದ್ರ ಎಂಬ ವಿದ್ಯಾರ್ಥಿಯೇ ಸಾಕ್ಷಿ. ಕುರಿ ಕಾಯುವ ಮನೆಯಿಂದ ಬಂದಿದ್ದ ಆತನಿಗೆ ಕೆಂಪು ಹಸಿರುಗಳ ಭೇದ ಕಾಣುತ್ತಿರಲಿಲ್ಲ. ಆಮ್ಲಕ್ಕೆ ಹನಿಹನಿಯಾಗಿ ಕ್ಷಾರ ಬಿಡುತ್ತ ದ್ರಾವಣ ನಸುಗೆಂಪಾಗುವ ಕ್ಷಣ ಹಿಡಿಯಬೇಕಾದ ಪ್ರಯೋಗದಲ್ಲಿ, ಆತ ಎರಡು ತಿಂಗಳು ಪಕ್ಕದವನ ಅಂಕಿಗಳನ್ನೇ ಬರೆದುಕೊಂಡು ದಿನ ದೂಡಿದ್ದ. ಮೇಡಂ ಅದನ್ನು ಗುರುತಿಸಿದರೂ ತರಗತಿಯಲ್ಲಿ ಚಕಾರ ಎತ್ತಲಿಲ್ಲ. ಮರುವಾರ ಸಂತೆಯಿಂದ ಈರುಳ್ಳಿ ತಂದು, ಹೆಚ್ಚಿ, ಅದರ ರಸವನ್ನು ದ್ರಾವಣಕ್ಕೆ ಬೆರೆಸಿ, ಆತನೊಬ್ಬನನ್ನೇ ಕೂರಿಸಿಕೊಂಡರು. ಆಮ್ಲದಲ್ಲಿ ಈರುಳ್ಳಿಯ ಘಾಟು ಉಳಿಯುತ್ತದೆ, ಕ್ಷಾರ ಹೆಚ್ಚಾದರೆ ಅಡಗುತ್ತದೆ. ವಾಸನೆ ಯಾವಾಗ ನಿಂತಿತೆಂದು ಹೇಳು, ಸಾಕು ಎಂದರು. ಕಣ್ಣು ಮುಚ್ಚಿಕೊಂಡು ಆತ ಹೇಳಿದ ಅಂಕಿ ಸರಿಯಾದ ಅಂಕಿಯ ಹತ್ತಿರವೇ ಬಂತು. ಪರೀಕ್ಷೆಯಲ್ಲಿ ಆತನಿಗೆ ಆಮ್ಲತೆ ಅಳೆಯುವ ಯಂತ್ರ ಕೊಡಬೇಕೆಂದು ಅವರು ವಿಶ್ವವಿದ್ಯಾಲಯಕ್ಕೆ ಮೂರು ಸಲ ಬರೆದರು. ಒಪ್ಪಿಗೆ ಬಂದದ್ದು ಪರೀಕ್ಷೆಯ ಹಿಂದಿನ ದಿನ. ಆ ತಿಪ್ಪೇರುದ್ರ ಇಂದು ತುಮಕೂರಿನ ಒಂದು ಆಹಾರ ಪರೀಕ್ಷಾಲಯದಲ್ಲಿ ಹಿರಿಯ ರಸಾಯನತಜ್ಞರು.

ಶೇಂಗಾದ ಹಂಗಾಮಿನಲ್ಲಿ ಎಣ್ಣೆ ಮಿಲ್ಲುಗಳ ವಾಸನೆ ನಮ್ಮ ತರಗತಿಗಳೊಳಗೂ ಬಂದು ಕೂರುತ್ತದೆ. ಆದರೂ ಮೇಡಂ ಆ ಎಣ್ಣೆಯನ್ನು ಪರೀಕ್ಷೆಯ ಮೇಜಿಗೆ ತಂದದ್ದು ಬಹಳ ತಡವಾಗಿ, ಅದೂ ಮತ್ತೊಬ್ಬರ ಒತ್ತಾಯಕ್ಕೆ. ಪರಶುರಾಂಪುರದ ಹತ್ತಿರದ ಹಳ್ಳಿಯೊಂದರಲ್ಲಿ ಹೆಂಗಸರು ಸೇರಿ ಗಾಣ ಹಾಕಿದ್ದರು. ಆ ಸಂಘದ ಹಿರಿಯರಾದ ಚಿನ್ನಕ್ಕನವರು ಒಂದು ದಿನ ಸ್ಟೀಲಿನ ಕ್ಯಾನು ಹಿಡಿದುಕೊಂಡು ನೇರ ಪ್ರಯೋಗಾಲಯಕ್ಕೇ ಬಂದರು.

“ನಮ್ಮೆಣ್ಣೆ ಚೆನ್ನಾಗೈತೆ ಅಂತ ನಮಗೆ ಗೊತ್ತೈತೆ. ಪ್ಯಾಟೆಯೋರು ನಂಬಾಕಿಲ್ಲ. ನೀವು ನೋಡಿ ಕಾಗದದ ಮೇಲೆ ಬರ್ಕೊಡ್ರಿ” ಎಂದರು.

ಒಂದು ಕ್ಯಾನು ಎಣ್ಣೆ ನೋಡಿ ಬರೆದುಕೊಡುವುದು ವಿಜ್ಞಾನವಲ್ಲವೆಂದು ಮೇಡಂ ವಿವರಿಸಿದರು. ಆ ಮಾತು ಅಲ್ಲಿಗೇ ಮುಗಿಯಬಹುದಿತ್ತು, ಅವರು ಮುಗಿಸಲಿಲ್ಲ. ಒಂದು ವರ್ಷವಿಡೀ ತಾಲ್ಲೂಕಿನ ಸಣ್ಣ ಗಾಣಗಳನ್ನು ಬಸ್ಸಿನಲ್ಲೂ ಆಟೋದಲ್ಲೂ ಸುತ್ತಿ ನಲವತ್ತೆರಡು ಸೀಸೆ ಎಣ್ಣೆ ತಂದರು. ಬೂಷ್ಟು ಹಿಡಿದ ಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ನಾಲಿಗೆಗೆ ತಿಳಿಯುವುದಿಲ್ಲ, ವರ್ಷಾನುಗಟ್ಟಲೆ ಮೈ ಸೇರಿದರೆ ಯಕೃತ್ತನ್ನು ಕೆಡಿಸುತ್ತದೆ. ಎಣ್ಣೆಯ ಸಾರವನ್ನು ಬಿಳಿ ಪುಡಿ ಬಳಿದ ಗಾಜಿನ ಫಲಕದ ಮೇಲೆ ಹರಿಯಬಿಟ್ಟು, ಕತ್ತಲೆ ಪೆಟ್ಟಿಗೆಯಲ್ಲಿ ಅತಿನೇರಳೆ ದೀಪದ ಕೆಳಗಿಟ್ಟರೆ, ವಿಷವಿದ್ದ ಜಾಗ ನೀಲಿಯಾಗಿ ಬೆಳಗುತ್ತದೆ. ನಲವತ್ತೆರಡರಲ್ಲಿ ಒಂದೂ ಮಿತಿ ಮೀರಿ ಬೆಳಗಲಿಲ್ಲ. 2017ರಲ್ಲಿ ಆ ಪ್ರಬಂಧ ಪ್ರಕಟವಾಯಿತು. ಲೇಖಕರಿಂದಾಗಲಿ ಓದುಗರಿಂದಾಗಲಿ ಶುಲ್ಕ ಕೇಳದ, ಅಂತರ್ಜಾಲದಲ್ಲಿ ಯಾರು ಬೇಕಾದರೂ ತೆರೆದು ಓದಬಹುದಾದ ಪತ್ರಿಕೆಯನ್ನೇ ಅವರು ಹುಡುಕಿಕೊಂಡಿದ್ದರು. ಸೇವೆಯ ಮೊದಲ ವರ್ಷಗಳಲ್ಲಿ ಒಂದು ಪ್ರಬಂಧದ ಪ್ರತಿಗಾಗಿ ಮೈಸೂರಿಗೆ ಕಾಗದ ಬರೆದು ನಾಲ್ಕು ತಿಂಗಳು ಕಾದಿದ್ದ ಅವರಿಗೆ, ತಾವು ಬರೆದದ್ದನ್ನು ಬೀಗ ಹಾಕಿದ ಕಪಾಟಿನೊಳಗೆ ಇಡಿಸುವ ಮನಸ್ಸಿರಲಿಲ್ಲ.

ಪತ್ರಿಕೆಗಳಲ್ಲಿ ಸುದ್ದಿ ಬಂತು. ಕಾಲೇಜಿನ ವರದಿಯಲ್ಲಿ ಆ ಪ್ರಬಂಧವೇ ಮೊದಲ ಪುಟ. ಚಿನ್ನಕ್ಕನವರ ಸಂಘ ತನ್ನ ಎಣ್ಣೆ ಡಬ್ಬಿಗಳ ಮೇಲೆ ‘ಕಾಲೇಜಿನಲ್ಲಿ ಪರೀಕ್ಷಿಸಿದ್ದು, ವಿಷವಿಲ್ಲ’ ಎಂಬ ಹಳದಿ ಚೀಟಿ ಅಂಟಿಸಿತು. ಎಂಟು ತಿಂಗಳು ಎಲ್ಲರೂ ಸಂತೋಷವಾಗಿದ್ದರು.

ಆಮೇಲೆ, 2018ರ ಜನವರಿಯಲ್ಲಿ, ಆಫ್ರಿಕಾದ ಮಲಾವಿ ದೇಶದಿಂದ ಒಂದು ಮಿಂಚಂಚೆ ಬಂತು. ಬರೆದವರು ಅಲ್ಲಿನ ಜಿಲ್ಲಾ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ತಿಯಾಮಿಕೆ ಬಂಡಾ ಎಂಬಾಕೆ. ತಮ್ಮ ಆಸ್ಪತ್ರೆಗೆ ಪತ್ರಿಕೆಗಳನ್ನು ಕೊಳ್ಳುವ ಶಕ್ತಿಯಿಲ್ಲ, ತೆರೆದಿರುವುದನ್ನಷ್ಟೇ ಓದುತ್ತೇವೆ, ನಮ್ಮವರ ಊಟದಲ್ಲೂ ಶೇಂಗಾ ಇರುವುದರಿಂದ ನಿಮ್ಮ ಪ್ರಬಂಧವನ್ನು ಎರಡು ಸಲ ಓದಿದೆ ಎಂದು ವಿನಯದಿಂದ ತಿಳಿಸಿ, ಕೊನೆಗೆ ಒಂದು ಸಣ್ಣ ಪ್ರಶ್ನೆ ಕೇಳಿದ್ದರು. ಎಣ್ಣೆಯನ್ನು ಯಾವ ಬಣ್ಣದ ಸೀಸೆಯಲ್ಲಿ ತುಂಬಿದಿರಿ, ಎಲ್ಲಿ ಇಟ್ಟಿರಿ, ಎಷ್ಟು ದಿನದ ಮೇಲೆ ಪರೀಕ್ಷಿಸಿದಿರಿ? ಪ್ರಬಂಧದಲ್ಲಿ ಅದು ನನಗೆ ಸಿಗಲಿಲ್ಲ, ನಾನೇ ಗಮನಿಸದಿದ್ದರೆ ಮನ್ನಿಸಿ.

ಓದಿ ಮುಗಿಸಿ ಮೇಡಂ ಕಿಟಕಿಯ ಕಡೆ ತಿರುಗಿದರು. ಪಶ್ಚಿಮದ ಕಿಟಕಿಯ ಕಟ್ಟೆಯ ಮೇಲೆ ಆ ಹೊತ್ತಿಗೂ ಹತ್ತಾರು ಸೀಸೆಗಳು ಸಾಲಾಗಿದ್ದವು. ಬೆಳಕನ್ನು ಒಳಬಿಡುವ ಬಿಳಿ ಗಾಜಿನ ಸೀಸೆಗಳು. ಪರೀಕ್ಷೆಯ ಕೆಲಸ, ಮೌಲ್ಯಮಾಪನದ ಕೆಲಸ ನಡುವೆ ಬಂದಾಗಲೆಲ್ಲ ಅವು ಒಂಬತ್ತು, ಹತ್ತು, ಹನ್ನೆರಡು ದಿನ ಅಲ್ಲೇ ಇರುತ್ತಿದ್ದವು, ಮಧ್ಯಾಹ್ನದಿಂದ ಸಂಜೆಯವರೆಗೆ ಚಳ್ಳಕೆರೆಯ ಬಿಸಿಲು ಅವುಗಳ ಮೈಮೇಲೆ. ಬಿಸಿಲು ಈ ವಿಷವನ್ನು ಒಡೆಯಬಲ್ಲದೆಂಬುದು ಅವರು ಯಾವತ್ತೋ ಓದಿದ್ದ ಸಂಗತಿ. ಓದಿದ್ದನ್ನು ಕಣ್ಣೆದುರಿನ ಕಿಟಕಿಗೆ ಹೊಂದಿಸಿ ನೋಡಲು ಸಮುದ್ರದಾಚೆಯ ಒಬ್ಬ ಅಪರಿಚಿತೆ ಕೇಳಬೇಕಾಯಿತು.

ಅವರು ವಾದ ಹೂಡಲಿಲ್ಲ, ಉತ್ತರವನ್ನೂ ಕೂಡಲೇ ಬರೆಯಲಿಲ್ಲ. ಆರು ಗಾಣಗಳಿಂದ ಅದೇ ವಾರ ಹೊಸ ಎಣ್ಣೆ ತರಿಸಿ, ಪ್ರತಿಯೊಂದನ್ನೂ ಎರಡು ಪಾಲು ಮಾಡಿದರು. ಒಂದು ಪಾಲು ಬಿಳಿ ಸೀಸೆಯಲ್ಲಿ, ಕಿಟಕಿಯ ಕಟ್ಟೆಯ ಮೇಲೆ. ಇನ್ನೊಂದು ಕಂದು ಸೀಸೆಯಲ್ಲಿ, ಕಪ್ಪು ಕಾಗದ ಸುತ್ತಿ, ಕಪಾಟಿನೊಳಗೆ. ಒಂಬತ್ತು ದಿನ ಹಾಗೇ ಬಿಟ್ಟರು. ಹತ್ತನೆಯ ದಿನ ಮಧ್ಯಾಹ್ನ ಫಲಕಗಳನ್ನು ಪೆಟ್ಟಿಗೆಯೊಳಗಿಟ್ಟು ದೀಪ ಹಾಕಿದಾಗ ನಾವೂ ಪಕ್ಕದಲ್ಲಿದ್ದೆವು. ಕಿಟಕಿಯ ಎಣ್ಣೆಯ ಸಾಲು ಮುಂಚಿನಂತೆಯೇ ಕಪ್ಪಾಗಿತ್ತು. ಕಪಾಟಿನ ಎಣ್ಣೆಯ ಸಾಲಿನಲ್ಲಿ ಎರಡು ಕಡೆ ನೀಲಿ ಬೆಳಕು. ಅಷ್ಟು ಸೊಗಸಾದ ನೀಲಿಯನ್ನು ನಾವು ಎಲ್ಲೂ ಕಂಡಿರಲಿಲ್ಲ, ಅಷ್ಟು ಭಯವನ್ನೂ ಯಾವ ಬಣ್ಣವೂ ಹುಟ್ಟಿಸಿರಲಿಲ್ಲ. ಮೇಡಂ ಅದನ್ನು ಅಳತೆಯ ಮಾದರಿಯ ಪಕ್ಕ ಹಿಡಿದು ಎರಡು ಸಲ ನೋಡಿದರು. “ಮಿತಿಗಿಂತ ಜಾಸ್ತಿ ಇದೆ” ಎಂದಷ್ಟೇ ಹೇಳಿ, ಕೈ ತೊಳೆದುಕೊಂಡು ಬಂದು, ಅಂಕಿ ಬರೆದರು.

ತಮ್ಮ ಕಣ್ಣನ್ನೂ ಅವರು ನಂಬದಾದರು. ಹೆಸರು ಬರೆಯದೆ ಬರೀ ಸಂಖ್ಯೆ ಹಾಕಿದ ಹನ್ನೆರಡು ಸೀಸೆಗಳನ್ನು ತಿಪ್ಪೇರುದ್ರರಿಗೆ ಕಳಿಸಿದರು. ಅವರ ದೊಡ್ಡ ಯಂತ್ರವೂ ಅದನ್ನೇ ಹೇಳಿತು. ವರದಿ ಓದಿ ಹೇಳಿದ ಮೇಲೆ ತಿಪ್ಪೇರುದ್ರರು ಫೋನು ಇಡಲಾರದೆ ತಡವರಿಸಿದರಂತೆ.

“ಮೇಡಂ, ಹೊಸದಾಗಿ ಇನ್ನೊಂದು ಪ್ರಬಂಧ ಬರೀರಿ. ಹಳೇದು ಅದರ ಪಾಡಿಗೆ ಇರ್ಲಿ. ಯಾರ್ ನೋಡ್ತಾರೆ?”

“ನೋಡ್ಲಿ ಅಂತಾನೇ ಅಲ್ವೇನಪ್ಪ ಅದನ್ನ ತೆರೆದಿಟ್ಟಿದ್ದು. ನಾಳೆ ಯಾರೋ ಅದನ್ನ ನಂಬಿ ಮಕ್ಕಳಿಗೆ ಎಣ್ಣೆ ಹಾಕ್ತಾರೆ” ಎಂದರು ಮೇಡಂ.

ಆದರೂ ಆ ವಾರ ಅವರು ಯಾರ ಬಳಿಯೂ ಹೋಗಲಿಲ್ಲ. ಇದನ್ನು ಅವರೇ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ: ಹೆದರಿದ್ದೆ, ನಾಚಿಕೆಯಾಗಿತ್ತು, ಒಂದು ಹಂಗಾಮು ಕಳೆಯಲಿ ಎಂದು ಮನಸ್ಸು ಸಬೂಬು ಹುಡುಕುತ್ತಿತ್ತು. ಭಾನುವಾರ ಮೊಳಕಾಲ್ಮೂರಿಗೆ ಹೋದವರು ಎಂಬತ್ತು ದಾಟಿದ್ದ ತಂದೆಯ ಎದುರು ಕೂತು ಎಲ್ಲವನ್ನೂ ಹೇಳಿದರು. ನಾಗರಾಜಪ್ಪನವರಿಗೆ ಪ್ರಬಂಧವೆಂದರೇನೆಂದು ಅಷ್ಟಾಗಿ ತಿಳಿಯದು. ಅವರು ಕೇಳಿದ್ದು ಒಂದೇ ಮಾತು: “ಎವರಿಕೈನಾ ಏಮೈನಾ ಅಯ್ಯಿಂದಾ?” ಯಾರಿಗಾದರೂ ಏನಾದರೂ ಆಯಿತೇ ಎಂದು. ಅದು ಒಂದು ದಿನಕ್ಕೆ ತಿಳಿಯುವ ವಿಷವಲ್ಲ, ಆಗಿದೆಯೋ ಇಲ್ಲವೋ ನನಗೂ ಗೊತ್ತಾಗುವುದಿಲ್ಲ ಎಂದು ಮಗಳು ಹೇಳಿದರು. ಮುದುಕರು, ಹಾಗಿದ್ದರೆ ಇಲ್ಲಿ ಯಾಕೆ ಕೂತಿದ್ದೀಯ, ಮಧ್ಯಾಹ್ನದ ಬಸ್ಸಿಗೇ ಹೊರಡು ಎಂದರು. ಊಟಕ್ಕೂ ನಿಲ್ಲಿಸಿಕೊಳ್ಳಲಿಲ್ಲ.

ಎರಡು ಬಸ್ಸು ಬದಲಿಸಿ ಸಂಜೆ ಐದರ ಹೊತ್ತಿಗೆ ಅವರು ಚಿನ್ನಕ್ಕನವರ ಸಂಘದ ಗಾಣದ ಅಂಗಳ ಮುಟ್ಟಿದರು. ಚಿನ್ನಕ್ಕ, ಕಾಟಮ್ಮ, ಇನ್ನೂ ಐದಾರು ಹೆಂಗಸರು ಡಬ್ಬಿ ತುಂಬುತ್ತ ಕೂತಿದ್ದರು. ಮೇಡಂ ಕೂರಲಿಲ್ಲ. ನಿಂತೇ, ಒಂದೂ ಕಠಿಣ ಪದ ಬಳಸದೆ, ಕಿಟಕಿಯ ಬಿಸಿಲು, ಬಿಳಿ ಸೀಸೆ, ನೀಲಿ ಬೆಳಕು ಎಲ್ಲವನ್ನೂ ಹೇಳಿದರು. ಈ ಗಾಣದ ಎಣ್ಣೆಯೂ ಬೆಳಗಿದ ಎರಡರಲ್ಲಿ ಒಂದು ಎಂಬುದನ್ನೂ ಹೇಳಿದರು. ಹೆಂಗಸರ ಕೈಗಳು ನಿಂತವು.

“ತಪ್ಪು ಯಾರ್ದು? ಎಣ್ಣೇದಾ, ನಿಮ್ದಾ?” ಎಂದರು ಚಿನ್ನಕ್ಕ.

“ಇಲ್ಲ ಅಂತ ಬರೆದ ತಪ್ಪು ನನ್ನದು.”

“ನಮ್ ಮಕ್ಳೂ ಇದನ್ನೇ ಉಂಡವೆ.”

ಕಾಟಮ್ಮ ಸೆರಗು ಕೊಡವಿ ಎದ್ದು, ಯಾರ ಮುಖವನ್ನೂ ನೋಡದೆ ಹೊರಟುಹೋದರು. ಚಿನ್ನಕ್ಕ ಎದುರಿಗಿದ್ದ ಡಬ್ಬಿಯ ಹಳದಿ ಚೀಟಿಯನ್ನು ಉಗುರಿನಿಂದ ಕೆರೆಯತೊಡಗಿದರು. ಅದು ಸುಲಭಕ್ಕೆ ಬರಲಿಲ್ಲ. ಚೀಟಿಗಳನ್ನೆಲ್ಲ ನೀರು ಹಚ್ಚಿ ತೆಗೆಯಿರಿ ಎಂದು ಉಳಿದವರಿಗೆ ಹೇಳಿದ ಮೇಲೆ ಮೇಡಂ ಕಡೆ ತಿರುಗಿದರು.

“ಕೂತ್ಕಳ್ರಿ. ಇಂಥ ಮಾತು ನಿಂತ್ಕಂಡು ಹೇಳಬಾರ್ದು. ಯಾವ ಬೀಜದಾಗೆ ವಿಷ ಐತೆ, ಅದನ್ನ ತೋರಿಸ್ರಿ ಮೊದ್ಲು.”

ಮರುದಿನ ಪ್ರಬಂಧ ಹಿಂಪಡೆಯುತ್ತೇನೆಂದು ಹೇಳಿದಾಗ ಪ್ರಾಂಶುಪಾಲರು ಮೂರು ವಾರ ತಡೆಯಲು ಕೇಳಿಕೊಂಡರು. ಕಾಲೇಜಿನ ಮೌಲ್ಯಾಂಕನಕ್ಕೆ ಸಮಿತಿ ಬರುವುದರಲ್ಲಿತ್ತು, ವರದಿ ಆಗಲೇ ಅಚ್ಚಾಗಿತ್ತು. ಅವರದೂ ಕೆಟ್ಟ ಮನಸ್ಸೇನಲ್ಲ, ಕಾಲೇಜಿನ ಚಿಂತೆ. ಮೂರು ವಾರದಲ್ಲಿ ತಾಲ್ಲೂಕಿನಲ್ಲಿ ಎಷ್ಟು ಎಣ್ಣೆ ಹಿಂಡುತ್ತಾರೆಂದು ಮೇಡಂ ಶಾಂತವಾಗಿ ಕೇಳಿದರು. ಅಂದು ಮಧ್ಯಾಹ್ನವೇ ಪತ್ರಿಕೆಗೆ ಬರೆದು ಪ್ರಬಂಧವನ್ನು ಹಿಂಪಡೆದರು. ಕಾರಣದ ಜಾಗದಲ್ಲಿ ಬಳಸು ಮಾತುಗಳಿಲ್ಲದೆ ಹೀಗೆ ಬರೆದರು: ಮಾದರಿಗಳನ್ನು ಬಿಳಿ ಗಾಜಿನಲ್ಲಿ ಬಿಸಿಲಿಗೆ ಇಟ್ಟಿದ್ದೆ, ಆದ್ದರಿಂದ ಫಲಿತಾಂಶ ನಂಬತಕ್ಕದ್ದಲ್ಲ, ತೋರಿಸಿಕೊಟ್ಟವರು ತಿಯಾಮಿಕೆ ಬಂಡಾ, ಅವರಿಗೆ ಋಣಿ. ಸಮಿತಿ ಬಂತು, ವರದಿಯ ಮೊದಲ ಪುಟಕ್ಕೆ ಅಡ್ಡಗೀಟು ಬಿದ್ದಿತ್ತು. ಆ ಸಲ ನಮ್ಮ ದರ್ಜೆ ಇಳಿಯಿತು. ಸಿಬ್ಬಂದಿ ಕೊಠಡಿಯಲ್ಲಿ ಅವರನ್ನು ಕಂಡರೆ ಮಾತು ನಿಲ್ಲಿಸುವವರಿದ್ದರು. ನಾವೂ ಕೆಲವು ದಿನ ಆ ಸಾಲಿನಲ್ಲಿದ್ದೆವೆಂದು ಇಲ್ಲಿ ಒಪ್ಪಿಕೊಳ್ಳದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ.

ಮುಂದಿನ ಮೂರು ವರ್ಷ ಶನಿವಾರದ ಮಧ್ಯಾಹ್ನಗಳನ್ನು ಅವರು ಆ ಗಾಣದ ಅಂಗಳದಲ್ಲಿ ಕಳೆದರು. ಹೆಂಗಸರು ಬೀಜ ಆರಿಸುತ್ತಿದ್ದರು, ಅವರು ಆರಿಸಿ ಬಿಸಾಡಿದ್ದನ್ನೂ ಉಳಿಸಿಕೊಂಡಿದ್ದನ್ನೂ ಮೇಡಂ ಕಂದು ಸೀಸೆಗಳಲ್ಲಿ ತುಂಬಿಕೊಂಡು ಬಂದು ಪರೀಕ್ಷಿಸುತ್ತಿದ್ದರು. ಬಿಸಿಲಿಗಿಟ್ಟರೆ ವಿಷ ಹೋಗುತ್ತದೆಂದಾದ ಮೇಲೆ ಎಣ್ಣೆಯನ್ನೇ ಬಿಸಿಲಿಗಿಟ್ಟು ಮಾರೋಣ ಎಂದು ಮಿಲ್ಲಿನವರೊಬ್ಬರು ಉತ್ಸಾಹದಿಂದ ಬಂದಾಗ, ಎಣ್ಣೆ ಕಮಟುತ್ತದೆ, ಪೂರಾ ಹೋಯಿತೆಂಬ ಭರವಸೆಯೂ ಇಲ್ಲ, ಒಂದು ಸಲ ಅವಸರಪಟ್ಟು ಹೇಳಿದ್ದೇ ಸಾಕು ಎಂದು ಕಳಿಸಿಬಿಟ್ಟರು. ಸುಕ್ಕು ಬಿದ್ದದ್ದು, ತುದಿ ಕಪ್ಪಾದದ್ದು, ಸಿಪ್ಪೆ ಬಿರಿದದ್ದು, ಇಷ್ಟನ್ನು ತೆಗೆದರೆ ಬಹುಪಾಲು ನೀಲಿ ಮರೆಯಾಗುತ್ತಿತ್ತು, ಪೂರಾ ಅಲ್ಲ. ಎರಡನೆಯ ಹಂಗಾಮಿನಲ್ಲಿ ಕಾಟಮ್ಮ ಬಂದರು. ಒಂದು ವರ್ಷ ಮೇಡಂ ಜೊತೆ ಅವರು ಮಾತಾಡಿರಲಿಲ್ಲ. ಪಕ್ಕದಲ್ಲಿ ಕೂತು, ಉಳಿಸಿಕೊಂಡ ಬೀಜದ ರಾಶಿಯಿಂದಲೇ ಒಂದೊಂದನ್ನು ಅಂಗೈಯಲ್ಲಿ ತೂಗಿ, ನೋಡಲು ನಯವಾಗಿಯೇ ಇದ್ದ ಒಂದು ಹಿಡಿ ಬೀಜವನ್ನು ಬೇರೆ ಮಾಡಿ, ಮೇಡಂ ಮಡಿಲಿಗೆ ಸುರಿದರು. “ಇವು ಹಗುರ” ಎಂದರು. ಸೋಮವಾರ ಆ ಹಿಡಿಯನ್ನು ಪರೀಕ್ಷಿಸಿದಾಗ ಫಲಕ ಮೇಲಿನಿಂದ ಕೆಳಗಿನವರೆಗೆ ಬೆಳಗಿತು. ಇಷ್ಟು ವರ್ಷದ ನಮ್ಮ ರಸಾಯನಶಾಸ್ತ್ರ ಆ ಅಂಗೈಯ ಎದುರು ತಲೆಬಾಗಿತು.

2021ರಲ್ಲಿ ಬಂದ ಎರಡನೆಯ ಪ್ರಬಂಧಕ್ಕೆ ಲೇಖಕರು ಐವರು: ಪ್ರೇಮಲತಾ, ಚಿನ್ನಕ್ಕ, ಕಾಟಮ್ಮ, ತಿಪ್ಪೇರುದ್ರ ಮತ್ತು ತಿಯಾಮಿಕೆ ಬಂಡಾ. ಅದೂ ತೆರೆದ ಪತ್ರಿಕೆಯಲ್ಲೇ; ಜೊತೆಗೆ ಮೇಡಂ ಹಟ ಹಿಡಿದು ಸೇರಿಸಿದ ಎರಡು ಪುಟದ ಕನ್ನಡ ಸಾರಾಂಶ, ಬೀಜಗಳ ಚಿತ್ರಗಳ ಸಮೇತ. ಮೇಡಂ ಮೊಬೈಲಿನಲ್ಲಿ ತೆರೆದು ತೋರಿಸಿದಾಗ ಚಿನ್ನಕ್ಕ ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಕೇಳಿದರಂತೆ.

“ಇದನ್ನ ಯಾರು ಬೇಕಾದ್ರೂ ನೋಡ್ಬೋದಾ?”

“ಯಾರು ಬೇಕಾದ್ರೂ.”

“ಹಂಗಾದ್ರೆ ತಪ್ಪಿದ್ರೂ ಕಾಣ್ತೈತೆ” ಎಂದರು ಚಿನ್ನಕ್ಕ. ಆ ಮಾತನ್ನು ಮೇಡಂ ತಮಗೆ ಸಿಕ್ಕ ಎಲ್ಲ ಸನ್ಮಾನಗಳಿಗಿಂತ ಮೇಲಿಟ್ಟಿದ್ದಾರೆ. ಕೆಲವು ತಿಂಗಳ ಮೇಲೆ ತಿಯಾಮಿಕೆ ತಮ್ಮ ಹಳ್ಳಿಯ ಹೆಂಗಸರು ಅಂಗೈಯಲ್ಲಿ ಬೀಜ ತೂಗುತ್ತಿರುವ ಚಿತ್ರವೊಂದನ್ನು ಕಳಿಸಿದರು. ಅವರಲ್ಲಿ ಮೊದಲಿಂದಲೂ ಹಾಗೆ ತೂಗುವ ಒಬ್ಬ ಅಜ್ಜಿ ಇದ್ದರಂತೆ, ಯಾರೂ ಕೇಳಿರಲಿಲ್ಲವಂತೆ.

ನಿವೃತ್ತಿಯ ಮರುತಿಂಗಳು ಮೇಡಂ ಮೊಳಕಾಲ್ಮೂರಿಗೆ ಮರಳಿದರು. ವಿಶ್ರಾಂತಿಯ ಮಾತು ಹದಿನೈದು ದಿನವೂ ಬಾಳಲಿಲ್ಲ. ಅಲ್ಲಿನ ಆಶಾ ಕಾರ್ಯಕರ್ತೆ ಪುಷ್ಪಾ ಆ ಕನ್ನಡ ಸಾರಾಂಶ ಓದಿಕೊಂಡು ಮನೆ ಬಾಗಿಲಿಗೇ ಬಂದರು. ಮಗ್ಗದ ಮನೆಗಳವರಿಗೆ ಹಸಿ ಬೀಜ ಆರಿಸಲು ಪುರುಸೊತ್ತಿಲ್ಲ, ಅಂಗಡಿಯಿಂದ ಹುರಿದು ಸಿಪ್ಪೆ ತೆಗೆದದ್ದನ್ನೇ ತರುತ್ತಾರೆ, ಮಕ್ಕಳಿಗೆ ಅದನ್ನೇ ಬೆಲ್ಲ ಹಾಕಿ ಕೊಡುತ್ತಾರೆ ಎಂದು ಹೇಳಿ, “ಸಿಪ್ಪೇನೇ ಇಲ್ದಿದ್ರೆ ನಿಮ್ ಚಿತ್ರ ನೋಡ್ಕಂಡು ಏನ್ ಮಾಡ್ಬೇಕು ಮೇಡಂ? ಹುರಿದ್ಮೇಲೆ ಎಲ್ಲಾನೂ ಹಗುರಾನೇ” ಎಂದು ಕೇಳಿದರು.

“ಗೊತ್ತಿಲ್ಲ ಪುಷ್ಪಾ” ಎಂದರು ಮೇಡಂ. ಇಷ್ಟು ವರ್ಷ ಅವರ ಪಕ್ಕ ಕೂತ ನಾವು ಹೇಳಬಲ್ಲೆವು, ‘ಗೊತ್ತಿಲ್ಲ’ ಎಂಬ ಆ ಒಂದು ಪದವನ್ನು ಅವರಷ್ಟು ಸಂತೋಷದಿಂದ ಹೇಳುವವರನ್ನು ಬೇರೆ ಕಂಡಿಲ್ಲ. ಮರುದಿನವೇ ಕಾಲೇಜಿಗೆ ಫೋನು ಬಂತು: ಹಳೆಯ ದೀಪದ ಪೆಟ್ಟಿಗೆ ಬಳಕೆಯಲ್ಲಿಲ್ಲದಿದ್ದರೆ ಎರವಲು ಸಿಗಬಹುದೇ, ಕಂದು ಸೀಸೆಗಳು ಎಷ್ಟಿವೆ? ಪೆಟ್ಟಿಗೆಯನ್ನು ನಾವೇ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿ ಒಪ್ಪಿಸಿ ಬಂದೆವು.

ಪ್ರೇಮಲತಾ ಮೇಡಂ ಅವರಿಗೆ ಆಯುಸ್ಸು, ಆರೋಗ್ಯ, ಕಣ್ಣಿನ ಆ ಹರಿತ ಎಲ್ಲವೂ ಇರಲಿ. ಪುಷ್ಪಾ ಕೇಳಿದ ಪ್ರಶ್ನೆಗೆ ಉತ್ತರ ಸಿಗುವವರೆಗೂ ಇರಲಿ. ಸಿಕ್ಕ ಉತ್ತರ ತಪ್ಪೆಂದು ಎಲ್ಲಿಂದಲೋ ಯಾರಾದರೂ ನಾಲ್ಕು ಸಾಲು ಬರೆದು ತೋರಿಸುವವರೆಗೂ ಇರಲಿ. ಅದನ್ನು ಅವರೇ ಮತ್ತೊಮ್ಮೆ ಕೂತು ಸರಿಪಡಿಸುವವರೆಗೂ ಇರಲಿ.